ತಪ್ಪಲೆಯ ಲೆಕ್ಕ, ಫೋನಿನ ಲೆಕ್ಕ

ಊಟದ ಕ್ಯಾಲೊರಿ ಮತ್ತು ಪೋಷಕಾಂಶಗಳ ಲೆಕ್ಕವಿಡುವ ಆ್ಯಪ್‌ಗಳ ಕುರಿತು ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ. ಕೇಳಿದವರ ಹೆಸರಿನ ಬದಲು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಮೈಫಿಟ್‌ನೆಸ್‌ಪಾಲ್, ಹೆಲ್ದಿಫೈಮಿ, ಕ್ರೋನೋಮೀಟರ್ ಈ ಮೂರನ್ನೂ ಒಂದು ವಾರ ಒಟ್ಟಿಗೆ ಬಳಸಿ ನೋಡಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ತೊಂಡೆಕಾಯಿ ಪಲ್ಯ ಇದ್ದ ಒಂದೇ ಊಟಕ್ಕೆ ಮೂರೂ ಬೇರೆ ಬೇರೆ ಮೊತ್ತ ತೋರಿಸಿದವು. ಅತಿ ಕಡಿಮೆಗೂ ಅತಿ ಹೆಚ್ಚಿಗೂ ಸುಮಾರು 300 ಕ್ಯಾಲೊರಿ ಅಂತರ. ಯಾವುದನ್ನು ನಂಬಬೇಕು?
– ಓದುಗಿ, ಕದ್ರಿ, ಮಂಗಳೂರು

ಉತ್ತರ: ಆ್ಯಪ್‌ನ ಮೇಲೆ ಸಂಶಯಪಡುವ ಮೊದಲು, ಅನ್ನವನ್ನು ನೀವು ಯಾವ ಹೆಸರಿನಲ್ಲಿ ಬರೆದಿರಿ ಎಂಬುದನ್ನು ಒಮ್ಮೆ ತೆಗೆದು ನೋಡಿ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಅಂಗಡಿಗಳಲ್ಲಿ ‘ಬಾಯ್ಲ್ಡ್ ರೈಸ್’ ಎಂದರೆ ಗೋಣಿಯಲ್ಲಿರುವ ಕುಚ್ಚಲಕ್ಕಿ; ಭತ್ತವನ್ನು ಕುದಿಸದೆ ಮಾಡುವ ಬೆಳ್ತಿಗೆ ಅಕ್ಕಿಯಿಂದ ಅದನ್ನು ಬೇರ್ಪಡಿಸಿ ಹೇಳುವುದಕ್ಕಾಗಿ ಇರುವ ಹೆಸರು ಅದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಆಹಾರದ ಪಟ್ಟಿ ಬರೆದವರಿಗೆ ಅದೇ ಪದದ ಅರ್ಥ ಬೆಂದ ಅನ್ನ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ 100 ಗ್ರಾಂ ಅನ್ನದಲ್ಲಿರುವುದು ಸುಮಾರು 130, ಏಕೆಂದರೆ ಅನ್ನದ ತೂಕದಲ್ಲಿ ಹೆಚ್ಚಿನ ಪಾಲು ನೀರಿನದು. ಹಾಗಾಗಿ ಅಕ್ಕಿಯನ್ನು ತೂಗಿ ‘ಬಾಯ್ಲ್ಡ್ ರೈಸ್’ ಎಂದು ನಮೂದಿಸಿದವರ ಊಟ ಫೋನಿನಲ್ಲಿ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಅನ್ನವನ್ನು ತೂಗಿ ಒಣ ‘ಪಾರ್‌ಬಾಯ್ಲ್ಡ್ ರೈಸ್’ ಎಂಬುದನ್ನು ಆರಿಸಿದವರ ಊಟ ಎರಡೂವರೆ ಪಟ್ಟಿಗೂ ಮೀರಿ ಏರುತ್ತದೆ. ನಿಮ್ಮ 300 ಕ್ಯಾಲೊರಿಯ ಬಹುಪಾಲು ಇಲ್ಲೇ ಸಿಗುತ್ತದೆ ಎಂಬುದು ನನ್ನ ಊಹೆ.

ಎರಡನೆಯದು ಮೀನು. ಹುಡುಕುವ ಪೆಟ್ಟಿಗೆಯಲ್ಲಿ ‘ಮ್ಯಾಕೆರೆಲ್’ ಎಂದು ಬರೆದರೆ ಮೊದಲು ಬರುವುದು ಸಾಮಾನ್ಯವಾಗಿ ಅಟ್ಲಾಂಟಿಕ್ ಸಮುದ್ರದ ಮೀನು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಆ ಹಸಿ ಮೀನಿನ 100 ಗ್ರಾಂನಲ್ಲಿ 205 ಕ್ಯಾಲೊರಿ ಮತ್ತು ಸುಮಾರು 14 ಗ್ರಾಂ ಕೊಬ್ಬು ಇರುತ್ತದೆ. ಮಲ್ಪೆಯಲ್ಲೋ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲೋ ನೀವು ಕೊಳ್ಳುವ ಬಂಗುಡೆ ಬೇರೆಯೇ ಜಾತಿ. ಅದರಲ್ಲಿ ಕೊಬ್ಬು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಮತ್ತು ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಬೂತಾಯಿಯಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ‘ಈಗ ಬೂತಾಯಿಯಲ್ಲಿ ಎಣ್ಣೆ ಇದೆ’ ಎಂದು ಮೀನು ಮಾರುವ ಹೆಂಗಸು ಹೇಳುವ ಮಾತಿನಷ್ಟು ಸೂಕ್ಷ್ಮವಾದ ಮಾಹಿತಿ ಯಾವ ಆ್ಯಪ್‌ನಲ್ಲೂ ಇಲ್ಲ.

ಇನ್ನು ಆ್ಯಪ್‌ಗಳ ವಿಚಾರ. 2005ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೈಫಿಟ್‌ನೆಸ್‌ಪಾಲ್‌ನ ಪಟ್ಟಿಯಲ್ಲಿ ಕೋಟಿಗೂ ಮಿಕ್ಕಿದ ಆಹಾರಗಳಿವೆ, ಆದರೆ ಅವುಗಳಲ್ಲಿ ಬಹಳಷ್ಟನ್ನು ಬರೆದವರು ನಿಮ್ಮ ನಮ್ಮಂಥ ಬಳಕೆದಾರರೇ. ಒಂದೇ ನೀರುದೋಸೆಗೆ ಅಲ್ಲಿ ಹಲವು ನಮೂದುಗಳು ಸಿಗುತ್ತವೆ, ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಕೆನಡಾದ ಕ್ರೋನೋಮೀಟರ್‌ನ ದಾರಿ ಇದಕ್ಕೆ ಎದುರು. ಪಟ್ಟಿ ಚಿಕ್ಕದು, ಹೊಸ ನಮೂದುಗಳು ಪರಿಶೀಲನೆಯಾಗಿಯೇ ಒಳಗೆ ಬರುತ್ತವೆ, ಪ್ರತಿಯೊಂದು ಆಹಾರದ ಅಂಕಿ ಯಾವ ಕೋಷ್ಟಕದಿಂದ ಬಂದಿದೆ ಎಂಬುದನ್ನೂ ಅದು ತೋರಿಸುತ್ತದೆ. ಕೊಡ್ಡೆಲು, ತಂಬುಳಿ, ಪತ್ರೊಡೆಗಳನ್ನು ಮಾತ್ರ ಅಲ್ಲಿ ಹುಡುಕಬೇಡಿ. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ದಿಫೈಮಿಗೆ ಇಡ್ಲಿ, ಉಪ್ಪಿಟ್ಟು, ಸಾಂಬಾರುಗಳು ಪರಿಚಿತ, ಅಳತೆಯೂ ಬಟ್ಟಲು ಮತ್ತು ಸಂಖ್ಯೆಯ ಲೆಕ್ಕದಲ್ಲಿರುತ್ತದೆ. ಆದರೆ ಆ ಬಟ್ಟಲು ನಿಮ್ಮ ಮನೆಯ ಬಟ್ಟಲಲ್ಲ. ನಿಮ್ಮದಕ್ಕೆ ಒಮ್ಮೆ ನೀರು ತುಂಬಿ ತೂಗಿದರೆ ಎಷ್ಟು ಗ್ರಾಂ ಬರುತ್ತದೋ ಅಷ್ಟು ಮಿಲಿಲೀಟರು ಅದರ ಅಳತೆ; ಆ್ಯಪ್ ಹೇಳುವ ಬಟ್ಟಲಿನೊಂದಿಗೆ ಅದನ್ನು ಹೋಲಿಸಿಕೊಳ್ಳಿ.

ಮನೆಯಲ್ಲಿ ಅಡುಗೆ ಮಾಡಿ, ತಕ್ಕಡಿ ಬಳಸಲು ಬೇಸರವಿಲ್ಲದವರು ಕ್ರೋನೋಮೀಟರ್ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹೊರಗೆ ಹೋಟೆಲಿನಲ್ಲಿ ಉಣ್ಣುವುದೇ ಹೆಚ್ಚಾದರೆ ಹೆಲ್ದಿಫೈಮಿ ಸಾಕು. ಈಗಾಗಲೇ ಮೈಫಿಟ್‌ನೆಸ್‌ಪಾಲ್ ರೂಢಿಯಾಗಿರುವವರು ಅದನ್ನೇ ಮುಂದುವರಿಸಬಹುದು, ಇತರರು ಬರೆದ ನಮೂದುಗಳನ್ನು ಬಿಟ್ಟು ತಮ್ಮ ಅಡುಗೆಯನ್ನು ತಾವೇ ಬರೆದುಕೊಳ್ಳಬೇಕು ಅಷ್ಟೆ. ಮೂರನ್ನೂ ಒಟ್ಟಿಗೆ ಬಳಸುವುದನ್ನು ಮಾತ್ರ ಇಂದೇ ನಿಲ್ಲಿಸಿ. ನಿಮಗೆ ಬೇಕಾಗಿರುವುದು ನಿನ್ನೆಗೂ ಇಂದಿಗೂ ಹೋಲಿಸಬಹುದಾದ ಲೆಕ್ಕ, ಅದಕ್ಕೆ ಒಂದೇ ಅಳತೆಗೋಲು ಬೇಕು.

ಪ್ರಶ್ನೆ: ನಮ್ಮ ಮನೆಯ ಬಸಳೆ ಗಸಿ, ನೀರುದೋಸೆ, ಗೋಳಿಬಜೆಗಳನ್ನು ಆ್ಯಪ್‌ನಲ್ಲಿ ಬರೆಯುವುದು ಹೇಗೆ? ತೆಂಗಿನಕಾಯಿಗೆ ಒಂದೊಂದು ಕಡೆ ಒಂದೊಂದು ಅಂಕಿ ಇದೆಯಲ್ಲ?
– ಓದುಗಿ, ಕುಂದಾಪುರ

ಉತ್ತರ: ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ತೆಂಗಿನಕಾಯಿಯಿಂದಲೇ ಆರಂಭಿಸೋಣ. ಅಮೆರಿಕದ ಕೋಷ್ಟಕದಲ್ಲಿ 100 ಗ್ರಾಂ ಹಸಿ ಕಾಯಿಗೆ 354 ಕ್ಯಾಲೊರಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 528 ಭಾರತೀಯ ಆಹಾರಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಅದು ಸುಮಾರು 410. ಆ ಕೋಷ್ಟಕವನ್ನು ನೇರವಾಗಿ ತೆರೆದು ನೋಡುವವರು ಒಂದು ಮಾತನ್ನು ನೆನಪಿಡಬೇಕು: ಅಲ್ಲಿನ ಶಕ್ತಿಯ ಅಂಕಿ ಕಿಲೋಜೂಲ್‌ನಲ್ಲಿದೆ, ಅದನ್ನು 4.184ರಿಂದ ಭಾಗಿಸಿದರೆ ನಾವು ಕ್ಯಾಲೊರಿ ಎನ್ನುವ ಕಿಲೋಕ್ಯಾಲೊರಿ ಸಿಗುತ್ತದೆ. ಎರಡು ಅಂಕಿಗಳಲ್ಲಿ ಯಾವುದೂ ತಪ್ಪಲ್ಲ. ಕಾಯಿ ಬಲಿತಷ್ಟೂ ಅದರಲ್ಲಿ ನೀರು ಕಡಿಮೆಯಾಗಿ ಕೊಬ್ಬು ಹೆಚ್ಚುತ್ತದೆ, ಪರೀಕ್ಷೆಗೆ ತೆಗೆದುಕೊಂಡ ಕಾಯಿಗೆ ತಕ್ಕಂತೆ ಅಂಕಿ ಬರುತ್ತದೆ. ಗಸಿಗೆ ಹಾಕುವ ಬಲಿತ ಕಾಯಿಗೆ ನಾನು 410ನ್ನೇ ಇಟ್ಟುಕೊಂಡಿದ್ದೇನೆ.

ನಮ್ಮ ಮನೆಯಲ್ಲಿ ಮಾಡಿದ ಬಸಳೆ ಗಸಿಯ ಲೆಕ್ಕ ಹೀಗಿತ್ತು. ಬಸಳೆ 500 ಗ್ರಾಂ, ಅದರಿಂದ ಸುಮಾರು 95 ಕ್ಯಾಲೊರಿ. ಅಲಸಂಡೆ ಕಾಳು 100 ಗ್ರಾಂ, ಸುಮಾರು 330. ಕಾಯಿತುರಿ 150 ಗ್ರಾಂ, 615. ಒಗ್ಗರಣೆಗೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆ, 120. ನೀರುಳ್ಳಿ ಮತ್ತು ಮಸಾಲೆಗೆ 40. ಒಟ್ಟು 1,200. ಖಾಲಿ ತಪ್ಪಲೆಯನ್ನು ಮೊದಲೇ ತೂಗಿಟ್ಟುಕೊಂಡಿದ್ದೆ; ಗಸಿ ಕುದಿದು ಇಳಿಸಿದ ಮೇಲೆ ತಪ್ಪಲೆ ಸಹಿತ ಮತ್ತೊಮ್ಮೆ ತೂಗಿ, ಖಾಲಿ ತೂಕ ಕಳೆದಾಗ ಉಳಿದದ್ದು 1,600 ಗ್ರಾಂ. ಹಾಗಾದರೆ ಗಸಿಯ ಒಂದು ಗ್ರಾಂಗೆ 0.75 ಕ್ಯಾಲೊರಿ, ಬಟ್ಟಲಿಗೆ ಬಡಿಸಿದ 200 ಗ್ರಾಂಗೆ 150. ಇನ್ನು ಕೋಷ್ಟಕಗಳ ಜಗಳವನ್ನು ಇದರೊಳಗೆ ಇಟ್ಟು ನೋಡಿ. ಕಾಯಿಗೆ 410ರ ಬದಲು 354 ಹಾಕಿದರೆ ಇಡೀ ತಪ್ಪಲೆಯಲ್ಲಿ ಕಡಿಮೆಯಾಗುವುದು ಸುಮಾರು 85, ನಿಮ್ಮ ಬಟ್ಟಲಿನಲ್ಲಿ ಹತ್ತು ಹನ್ನೊಂದು. ಲೆಕ್ಕಕ್ಕೆ ಬಾರದೆ ಬಾಣಲೆಗೆ ಸುರಿದ ಇನ್ನೊಂದು ಚಮಚ ಎಣ್ಣೆಯ ತಪ್ಪು ಅದಕ್ಕಿಂತ ದೊಡ್ಡದು. ಅಂಕಿಯನ್ನು ಹುಡುಕುತ್ತ ಕಳೆಯುವ ಸಂಜೆಯನ್ನು ಕಾಯಿತುರಿ ತೂಗಲು ಬಳಸಿದರೆ ಲಾಭ ಹೆಚ್ಚು.

ಆ್ಯಪ್‌ಗೆ ಇದನ್ನು ಹೇಳುವುದು ಸುಲಭ. ಮೂರರಲ್ಲಿಯೂ ಸ್ವಂತ ಅಡುಗೆಯನ್ನು ಸೇರಿಸಲು ಅವಕಾಶವಿದೆ. ಕ್ರೋನೋಮೀಟರ್‌ನಲ್ಲಿ ಅಡುಗೆಯ ಒಟ್ಟು ತೂಕವನ್ನು ಕೊಟ್ಟರೆ ಆಮೇಲೆ ನೀವು ಉಂಡ ಗ್ರಾಂಗಳನ್ನಷ್ಟೇ ಬರೆಯಬಹುದು. ಮೈಫಿಟ್‌ನೆಸ್‌ಪಾಲ್ ‘ಎಷ್ಟು ಜನರಿಗೆ ಬಡಿಸುವಷ್ಟು’ ಎಂದು ಕೇಳುತ್ತದೆ. ಅಲ್ಲಿ ನಾಲ್ಕು ಎಂದು ಬರೆಯದೆ 1,600 ಎಂದು ಬರೆಯಿರಿ. ಆಗ ಒಂದು ಗ್ರಾಂ ಒಬ್ಬರ ಪಾಲಾಗುತ್ತದೆ, ನೀವು 200 ಪಾಲು ಉಂಡೆ ಎಂದು ನಮೂದಿಸಿದರಾಯಿತು. 1,600 ಜನರಿಗೆ ಗಸಿ ಮಾಡಿದ ಹೆಮ್ಮೆಯೂ ಉಳಿಯುತ್ತದೆ.

ನೀರುದೋಸೆ ಇನ್ನೂ ಸರಳ. 200 ಗ್ರಾಂ ಬೆಳ್ತಿಗೆ ಅಕ್ಕಿಗೆ 700 ಕ್ಯಾಲೊರಿ, ಕಾವಲಿಗೆ ಸವರಿದ ಎಣ್ಣೆ 10 ಗ್ರಾಂ ಎಂದಾದರೆ 90. ಎದ್ದ ದೋಸೆ 14 ಆದರೆ ಒಂದಕ್ಕೆ 55ರ ಮೇಲೆ ಸ್ವಲ್ಪ. ಹಿಟ್ಟಿಗೆ ಎಷ್ಟು ನೀರು ಸೇರಿಸಿದಿರಿ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಜತೆಗೆ ತಿನ್ನುವ ಕಾಯಿಬೆಲ್ಲವನ್ನು ಬೇರೆಯಾಗಿಯೇ ಬರೆಯಬೇಕು. ದೋಸೆ ಹಗುರ ಎಂದು ಸಮಾಧಾನಪಟ್ಟವರು ಲೆಕ್ಕ ತಪ್ಪುವುದು ಅಲ್ಲಿ.

ಗೋಳಿಬಜೆಗೆ ಮಾತ್ರ ಒಂದು ಕ್ರಮ ಅನುಸರಿಸಬೇಕು. ಕರಿಯುವ ಮೊದಲು ಎಣ್ಣೆ ಸಹಿತ ಬಾಣಲೆಯನ್ನು ತೂಗಿ, ಕರಿದಾದ ಮೇಲೆ ಎಣ್ಣೆ ಪೂರ್ತಿ ಆರಿದ ನಂತರ ಮತ್ತೆ ತೂಗಿ. ಕಡಿಮೆಯಾದ ಎಣ್ಣೆಯಲ್ಲಿ ಕಾಗದಕ್ಕೆ ಇಳಿದ ಸ್ವಲ್ಪವನ್ನು ಬಿಟ್ಟರೆ ಉಳಿದದ್ದು ಬಜೆಯೊಳಗೇ ಇರುತ್ತದೆ. ಪ್ರತಿ ಗ್ರಾಂಗೆ 9 ಕ್ಯಾಲೊರಿಯಂತೆ ಅದನ್ನು ಮೈದಾ ಮತ್ತು ಮೊಸರಿನ ಲೆಕ್ಕಕ್ಕೆ ಕೂಡಿಸಿ, ಬಜೆಗಳ ಸಂಖ್ಯೆಯಿಂದ ಭಾಗಿಸಿ. ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಅದೇ ಅಂಕಿ ಸಾಕು.

ಪ್ರಶ್ನೆ: ಊಟದ ಫೋಟೊ ತೆಗೆದರೆ ತಾನೇ ಕ್ಯಾಲೊರಿ ಹೇಳುವ ಸೌಲಭ್ಯವನ್ನು ನಂಬಬಹುದೆ? ಮೆಸ್ಸಿನಲ್ಲಿ ಉಣ್ಣುವ ನಾನು ತಕ್ಕಡಿ ಹಿಡಿದು ಕೂರಲಾರೆ.
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಕ್ಯಾಮೆರಾ ಬಟ್ಟಲಿನ ಮೇಲ್ಮೈಯನ್ನು ನೋಡುತ್ತದೆ. ಸಾಂಬಾರಿನ ಅಡಿಯಲ್ಲಿ ಬೇಳೆ ಎಷ್ಟಿದೆ, ಅರಪಿಗೆ ಕಾಯಿ ಎಷ್ಟು ಬಿದ್ದಿದೆ, ಪಲ್ಯ ಎಷ್ಟು ಎಣ್ಣೆ ಕುಡಿದಿದೆ ಎಂಬುದು ಅದಕ್ಕೆ ಕಾಣಲಾರದು, ಆದರೆ ನಮ್ಮ ಕರಾವಳಿ ಅಡುಗೆಯಲ್ಲಿ ಕ್ಯಾಲೊರಿ ಇರುವುದೇ ಆ ಕಾಣದ ಜಾಗಗಳಲ್ಲಿ. ನಾನು ಪರೀಕ್ಷಿಸಿದ ಒಂದು ಆ್ಯಪ್ ಪತ್ರೊಡೆಯ ಹೋಳುಗಳನ್ನು ಚಾಕೊಲೇಟ್ ಕೇಕಿನ ಸುರುಳಿ ಎಂದು ಗುರುತಿಸಿತು. ಮನೆಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಇಡ್ಲಿ, ಚಪಾತಿ, ಬಾಳೆಹಣ್ಣಿನಂಥ ಎಣಿಸಬಹುದಾದ ಆಹಾರಕ್ಕೆ ಫೋಟೊ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೆಸ್ಸಿನ ಊಟಕ್ಕೆ ಫೋಟೊ ತೆಗೆದು, ಗುರುತಿಸಿದ ಹೆಸರುಗಳನ್ನು ತಿದ್ದಿ, ಕರಿದದ್ದಿದ್ದರೆ ಅಥವಾ ಒಗ್ಗರಣೆ ತೇಲುತ್ತಿದ್ದರೆ ಎರಡು ಸಣ್ಣ ಚಮಚ ಎಣ್ಣೆಯನ್ನು ನೀವೇ ಬೇರೆಯಾಗಿ ಸೇರಿಸಿ.

ಪ್ರಶ್ನೆ: ನನಗೆ 45 ವರ್ಷ, ಎತ್ತರ 155 ಸೆಂಟಿಮೀಟರು, ತೂಕ 62 ಕಿಲೊ. ತೂಕ ಹೀಗೆಯೇ ಇರಲು ದಿನಕ್ಕೆ 1,440 ಕ್ಯಾಲೊರಿ ಸಾಕೆಂದು ಒಂದು ಆ್ಯಪ್ ಹೇಳಿದರೆ, ಇನ್ನೊಂದು 1,650 ಎನ್ನುತ್ತದೆ. ನನ್ನ ದೇಹ ಒಂದೇ ಅಲ್ಲವೆ?
– ಓದುಗಿ, ಕಾರ್ಕಳ

ಉತ್ತರ: ದೇಹ ಒಂದೇ, ಸೂತ್ರವೂ ಬಹುಶಃ ಒಂದೇ. ಇಂಥ ಆ್ಯಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಿಫ್ಲಿನ್ ಮತ್ತು ಸೇಂಟ್ ಜೋರ್ ಅವರ ಹೆಸರಿನಲ್ಲಿರುವ 1990ರ ಸೂತ್ರ. ಹೆಂಗಸರಿಗೆ ಅದು ಹೀಗಿದೆ: ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಬೇಕು. ನಿಮಗೆ ಸುಮಾರು 1,203 ಬರುತ್ತದೆ. ದಿನವಿಡೀ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ ಅದು. ಅದನ್ನು ಕುಳಿತು ಕೆಲಸ ಮಾಡುವವರ 1.2ರಿಂದ ಗುಣಿಸಿದರೆ 1,443, ಹಗುರ ಓಡಾಟದವರ 1.375ರಿಂದ ಗುಣಿಸಿದರೆ 1,654. ಅಂದರೆ ಒಂದು ಆ್ಯಪ್‌ನಲ್ಲಿ ನೀವು ‘ಕುಳಿತು ಕೆಲಸ’ ಎಂದು ಒತ್ತಿದ್ದೀರಿ, ಇನ್ನೊಂದರಲ್ಲಿ ‘ಹಗುರ ಚಟುವಟಿಕೆ’ ಎಂದು. ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ತೋಟಕ್ಕೆ ಹೋಗಿಬರುವ ಹೆಂಗಸು ಇವೆರಡರಲ್ಲಿ ಯಾವುದಕ್ಕೆ ಸೇರುತ್ತಾಳೆ ಎಂಬ ಪ್ರಶ್ನೆಗೆ ಸೂತ್ರ ಬರೆದವರಲ್ಲಿ ಉತ್ತರವಿಲ್ಲ.

ಇದನ್ನು ತೀರ್ಮಾನಿಸಬೇಕಾದದ್ದು ನಿಮ್ಮ ತಕ್ಕಡಿ. ಮೂರು ವಾರ ಊಟವನ್ನು ಬದಲಿಸದೆ ಬರೆದಿಡಿ, ವಾರಕ್ಕೆ ಮೂರು ನಾಲ್ಕು ಬಾರಿ ಬೆಳಿಗ್ಗೆ ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ಸರಾಸರಿ ನಿಂತಲ್ಲೇ ನಿಂತಿದ್ದರೆ ಆ ದಿನಗಳಲ್ಲಿ ನೀವು ಬರೆದ ಕ್ಯಾಲೊರಿಯ ಸರಾಸರಿಯೇ ನಿಮ್ಮ ಅಂಕಿ. ನಿಮ್ಮ ನಮೂದಿನಲ್ಲಿ ದಿನವೂ ಒಂದೇ ಬಗೆಯ ತಪ್ಪು ಇದ್ದರೂ ಈ ವಿಧಾನ ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. 2021ರಲ್ಲಿ ಬಂದ ಮ್ಯಾಕ್ರೋಫ್ಯಾಕ್ಟರ್ ಎಂಬ ಆ್ಯಪ್ ಇದೇ ಲೆಕ್ಕವನ್ನು ತಾನೇ ಮಾಡಿಕೊಡುತ್ತದೆ, ಹಣ ಕೊಡಬೇಕು. ಪೆನ್ಸಿಲ್ ಮತ್ತು ಕ್ಯಾಲೆಂಡರಿನ ಹಿಂಬದಿಯಲ್ಲಿಯೂ ಅದು ಸಾಧ್ಯ.

ಪ್ರಶ್ನೆ: ನನಗೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟು ಸಿಗುತ್ತಿಲ್ಲ ಎಂದು ಆ್ಯಪ್ ದಿನವೂ ಕೆಂಪು ಗೆರೆ ತೋರಿಸುತ್ತದೆ. ಮಾತ್ರೆ ತೆಗೆದುಕೊಳ್ಳಲೆ?
– ಓದುಗ, ಸುರತ್ಕಲ್

ಉತ್ತರ: ಆ್ಯಪ್‌ನ ಗೆರೆ ನೋಡಿ ಮಾತ್ರೆ ನುಂಗಬೇಡಿ. ಆಹಾರದ ನಮೂದನ್ನು ಬರೆದವರು ಕ್ಯಾಲೊರಿ, ಪಿಷ್ಟ, ಕೊಬ್ಬು, ಪ್ರೋಟೀನ್ ಇಷ್ಟನ್ನೇ ತುಂಬಿ ಕಬ್ಬಿಣದ ಜಾಗವನ್ನು ಖಾಲಿ ಬಿಟ್ಟಿದ್ದರೆ, ದಿನದ ಮೊತ್ತದಲ್ಲಿ ಆ ಖಾಲಿ ಜಾಗ ಸೊನ್ನೆಯಾಗಿ ಕೂಡುತ್ತದೆ. ನೀವು ಬಸಳೆ, ಹುರುಳಿ, ಮರುವಾಯಿ ಎಲ್ಲವನ್ನೂ ಉಂಡಿರಬಹುದು, ಪಟ್ಟಿಯಲ್ಲಿ ಅವುಗಳ ಕಬ್ಬಿಣವನ್ನು ಯಾರೂ ಬರೆಯದಿರಬಹುದು. ಪೊಟ್ಟಣದ ಆಹಾರವನ್ನು ಬಾರ್‌ಕೋಡ್‌ನಿಂದ ನಮೂದಿಸಿದರೂ ಇದೇ ಕತೆ. ನಮ್ಮ ದೇಶದ ಲೇಬಲ್‌ಗಳಲ್ಲಿ ಶಕ್ತಿ, ಪ್ರೋಟೀನ್, ಪಿಷ್ಟ, ಸಕ್ಕರೆ, ಕೊಬ್ಬು, ಸೋಡಿಯಂ ಇರುತ್ತವೆ, ಕಬ್ಬಿಣ ಇರಲೇಬೇಕೆಂದಿಲ್ಲ. ವಿಟಮಿನ್ ಮತ್ತು ಖನಿಜಗಳ ಲೆಕ್ಕ ಬೇಕಿದ್ದರೆ ಕ್ರೋನೋಮೀಟರ್ ಒಳ್ಳೆಯದು ಎನ್ನುವುದಕ್ಕೆ ಕಾರಣ ಇದೇ: ಅಲ್ಲಿ ಪ್ರಯೋಗಾಲಯದ ಕೋಷ್ಟಕದಿಂದ ಬಂದ ನಮೂದನ್ನು ಆರಿಸಿದರೆ ಎಂಬತ್ತರಷ್ಟು ಪೋಷಕಾಂಶಗಳ ಅಂಕಿಯವರೆಗೂ ಸಿಗುತ್ತದೆ. ಸುಸ್ತು, ಉಸಿರುಗಟ್ಟುವಿಕೆಯಂಥ ತೊಂದರೆ ಇದ್ದರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಪಣಂಬೂರಿನ ಮರಳಿನಲ್ಲಿ ಒಂದು ಗಂಟೆ ನಡೆದರೆ ಕೈಗಡಿಯಾರ 400 ಕ್ಯಾಲೊರಿ ಕರಗಿತು ಎನ್ನುತ್ತದೆ, ಆ್ಯಪ್ ಅಷ್ಟನ್ನೂ ನನ್ನ ಊಟಕ್ಕೆ ಸೇರಿಸುತ್ತದೆ. ತಿನ್ನಬಹುದೆ?
– ಓದುಗ, ಕುಳಾಯಿ

ಉತ್ತರ: ಬೇಡ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಬಗೆಯ ಕೈಪಟ್ಟಿಗಳನ್ನು 60 ಜನರ ಮೇಲೆ ಪರೀಕ್ಷಿಸಿದಾಗ, ಹೃದಯ ಬಡಿತವನ್ನು ಹೆಚ್ಚಿನವು ಸರಿಯಾಗಿ ಅಳೆದರೂ ಕ್ಯಾಲೊರಿಯಲ್ಲಿ ಅತ್ಯುತ್ತಮವಾದದ್ದೇ ಸರಾಸರಿ 27 ಶೇಕಡಾ ತಪ್ಪಿತ್ತು, ಕೊನೆಯದು 93 ಶೇಕಡಾ. ಅಲ್ಲದೆ ಆ್ಯಪ್‌ನಲ್ಲಿ ‘ಹಗುರ ಚಟುವಟಿಕೆ’ ಎಂದು ಮೊದಲೇ ಆರಿಸಿದ್ದರೆ ನಿಮ್ಮ ನಡಿಗೆ ಆ ಅಂಕಿಯಲ್ಲಿ ಆಗಲೇ ಸೇರಿದೆ, ಗಡಿಯಾರ ಅದನ್ನು ಎರಡನೇ ಬಾರಿ ಸೇರಿಸುತ್ತಿದೆ. ಎರಡರ ಜೋಡಣೆಯನ್ನು ಸೆಟ್ಟಿಂಗ್‌ನಲ್ಲಿ ಕಡಿದುಹಾಕಿ. ಮರಳಿನ ನಡಿಗೆ ಸಿಮೆಂಟಿನ ರಸ್ತೆಗಿಂತ ಹೆಚ್ಚು ಶ್ರಮದ್ದು ಎಂಬುದು ನಿಜ, ಆದರೆ ಕಾಲಡಿ ಮರಳಿದೆ ಎಂಬುದು ಗಡಿಯಾರಕ್ಕೆ ತಿಳಿಯದು.

ಪ್ರಶ್ನೆ: ಹಣ ಕೊಟ್ಟು ಚಂದಾದಾರನಾಗುವುದರಿಂದ ಲಾಭವಿದೆಯೆ? ನಮ್ಮ ಊಟದ ಮಾಹಿತಿ ಯಾರ ಕೈಗೆ ಹೋಗುತ್ತದೆ?
– ಓದುಗ, ಉಡುಪಿ

ಉತ್ತರ: ಲೆಕ್ಕ ಬರೆಯುವುದಕ್ಕಷ್ಟೇ ಆದರೆ ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ. ಮೈಫಿಟ್‌ನೆಸ್‌ಪಾಲ್ 2022ರಲ್ಲಿ ಬಾರ್‌ಕೋಡ್ ಓದುವ ಸೌಲಭ್ಯವನ್ನು ಹಣ ಕೊಡುವವರಿಗೆ ಮೀಸಲಿಟ್ಟಿತು; ಕ್ರೋನೋಮೀಟರ್ ಮತ್ತು ಆಸ್ಟ್ರೇಲಿಯಾದ ಫ್ಯಾಟ್‌ಸೀಕ್ರೆಟ್‌ಗಳಲ್ಲಿ ಅದು ಉಚಿತ. ನಮ್ಮ ಬೇಕರಿಯ ಬನ್ಸಿಗೂ ಗೂಡಂಗಡಿಯ ಚಕ್ಕುಲಿಗೂ ಬಾರ್‌ಕೋಡೇ ಇಲ್ಲವಾದ್ದರಿಂದ ಆ ನಷ್ಟ ನಮಗೆ ದೊಡ್ಡದಲ್ಲ. ಹೆಲ್ದಿಫೈಮಿಯ ಹಣದ ಯೋಜನೆಗಳಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಸಲಹೆಗಾರರ ಮಾರ್ಗದರ್ಶನವನ್ನು. ದಿನವೂ ಒಬ್ಬರು ವಿಚಾರಿಸಿದರೆ ಮಾತ್ರ ಶಿಸ್ತು ಉಳಿಯುತ್ತದೆ ಎನ್ನುವ ಸ್ವಭಾವದವರಿಗೆ ಅದು ಉಪಯೋಗವಾಗಬಹುದು.

ಮಾಹಿತಿಯ ಬಗ್ಗೆ ನಿಮ್ಮ ಆತಂಕಕ್ಕೆ ಆಧಾರವಿದೆ. 2018ರಲ್ಲಿ ಮೈಫಿಟ್‌ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಬಳಕೆದಾರ ಹೆಸರು, ಇಮೇಲ್ ಮತ್ತು ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್‌ಗಳು ಕಳವಾಗಿದ್ದವು. ಬ್ಯಾಂಕಿನ ಪಾಸ್‌ವರ್ಡನ್ನು ಇಂಥ ಆ್ಯಪ್‌ಗಳಿಗೆ ಎಂದೂ ಬಳಸಬೇಡಿ, ಸಂಪರ್ಕಪಟ್ಟಿ ಮತ್ತು ಸ್ಥಳದ ಅನುಮತಿ ಕೇಳಿದರೆ ನಿರಾಕರಿಸಿ. ಊಟ ಬರೆಯಲು ಅವೆರಡೂ ಬೇಕಿಲ್ಲ. ಬಿಡುವಾಗ ಆ್ಯಪ್ ಅಳಿಸಿದರೆ ಸಾಲದು, ಮೊದಲು ಖಾತೆಯನ್ನೇ ಅಳಿಸಬೇಕು.

ಪ್ರಶ್ನೆ: ಮದುವೆಯೂಟ, ಮಠದ ಊಟ, ಏಕಾದಶಿಯ ಉಪವಾಸ ಇವುಗಳನ್ನು ಬರೆಯುವುದು ಹೇಗೆ? ಒಂದು ದಿನ ಬಿಟ್ಟರೆ ‘ನಿಮ್ಮ ಸರಣಿ ಮುರಿಯಿತು’ ಎಂಬ ಸಂದೇಶ ಬರುತ್ತದೆ, ನನ್ನ ಮಗಳು ಅದಕ್ಕೆ ಅತ್ತೇ ಬಿಟ್ಟಳು.
– ಓದುಗಿ, ಕಾಪು

ಉತ್ತರ: ಎಲೆಯ ಮುಂದೆ ಕುಳಿತು ಪಾಯಸವನ್ನು ಅಂದಾಜಿಸುವುದು ಬೇಡ. ಆ ದಿನವನ್ನು ಖಾಲಿ ಬಿಟ್ಟು, ವಾರದ ಸರಾಸರಿಯನ್ನು ಉಳಿದ ಆರು ದಿನಗಳಿಂದ ತೆಗೆಯಿರಿ. ಕೆಲವು ಆ್ಯಪ್‌ಗಳು ಖಾಲಿ ದಿನವನ್ನು ಸೊನ್ನೆ ಎಂದು ಎಣಿಸಿ ಸರಾಸರಿ ಇಳಿಸಿಬಿಡುತ್ತವೆ, ಅದನ್ನು ಗಮನಿಸಿ. ಉಪವಾಸದ ದಿನ ಅವಲಕ್ಕಿ, ಹಣ್ಣು, ಹಾಲು ತೆಗೆದುಕೊಂಡಿದ್ದರೆ ಅವನ್ನು ಎಂದಿನಂತೆ ಬರೆಯಿರಿ.

ನಿಮ್ಮ ಮಗಳ ವಯಸ್ಸನ್ನು ನೀವು ಬರೆದಿಲ್ಲ, ಆದರೆ ಅಳು ಬರುವಷ್ಟು ಆ ಸಂದೇಶ ಮುಖ್ಯವಾಗಿದ್ದರೆ ಆ್ಯಪ್ ಅವಳ ಫೋನಿನಲ್ಲಿ ಇರಬಾರದು. ಬೆಳೆಯುವ ಮಕ್ಕಳಿಗೂ, ಊಟದ ಬಗ್ಗೆ ಭಯ ಅಥವಾ ಅಪರಾಧಭಾವ ಇರುವವರಿಗೂ ಕ್ಯಾಲೊರಿ ಎಣಿಕೆಯನ್ನು ನಾನು ಸೂಚಿಸುವುದಿಲ್ಲ. ಅವಳು ಊಟ ಬಿಡುತ್ತಿದ್ದಾಳೆಯೆ, ಎಲ್ಲರೊಂದಿಗೆ ಕೂತು ಉಣ್ಣಲು ಹಿಂಜರಿಯುತ್ತಿದ್ದಾಳೆಯೆ, ತಿಂಗಳ ಮುಟ್ಟು ತಪ್ಪಿದೆಯೆ ಎಂಬುದನ್ನು ಮೆಲ್ಲನೆ ವಿಚಾರಿಸಿ. ಇವುಗಳಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ, ಈ ಅಂಕಣದ ಮುಂದಿನ ಸಂಚಿಕೆಗೆ ಕಾಯದೆ ಇದೇ ವಾರ ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.